ಅಕ್ಕನ ರಕ್ತ, ಭಾವನ ರಕ್ತ

ನಮ್ಮ ಅಕ್ಕನನ್ನು ಮೋರಟಗಿಗೆ ಕೊಟ್ಟಿದ್ದರು. ಮೊದಲನೆಯದು ಹೆಣ್ಣು, ಗುಂಡಗೆ ಬೆಳೆಯಿತು. ಅದರ ಬೆನ್ನಿಗೆ ಬಂದ ಎರಡು ಕೂಸುಗಳು ಹುಟ್ಟಿದ ಮರುದಿನವೇ ಅರಿಷಿಣ ಮೆತ್ತಿದಂತೆ ಹಳದಿಯಾಗಿ, ಮೊಲೆಗೆ ಬಾಯಿ ಹಚ್ಚದೆ ತೀರಿಹೋದವು. ಅಕ್ಕನ ಹಾಲಿನಲ್ಲೇ ವಿಷವಿದೆ ಎಂದು ಅವಳ ಅತ್ತೆ ಬಾವಿಯ ಹತ್ತಿರ ನಾಲ್ಕು ಮಂದಿಯೆದುರು ಹೇಳುತ್ತಿದ್ದಳು. ಅದೇ ಹಾಲು ಕುಡಿದು ಬೆಳೆದ ಮೊಮ್ಮಗಳು ಪಕ್ಕದಲ್ಲೇ ನಿಂತಿರುತ್ತಿದ್ದಳು. ಅದು ಯಾರ ಕಣ್ಣಿಗೂ ಬೀಳಲಿಲ್ಲ.

ನಾನಾಗ ಶಿಕ್ಷಕಿಯ ತರಬೇತಿಯಲ್ಲಿದ್ದೆ. ರಜೆಗೆ ನಮ್ಮೂರು ಇಂಡಿಗೆ ಬಂದಾಗ ಅಪ್ಪನನ್ನು ಕಾಡಿ, ಅಕ್ಕ ಮತ್ತು ಭಾವನನ್ನು ಸೊಲ್ಲಾಪುರದ ದೊಡ್ಡ ದವಾಖಾನೆಗೆ ಹೊರಡಿಸಿದೆ. ನಾನೂ ಹೋದೆ. ಅಲ್ಲಿನ ಡಾಕ್ಟರಬಾಯಿ ಅಕ್ಕನ ರಕ್ತ ತೆಗೆದುಕೊಂಡು, ಭಾವನಿಗೂ ಕೈ ಚಾಚಲು ಹೇಳಿದರು. ಆತ ಅಂಗಿಯ ತೋಳನ್ನು ಕೆಳಗೆಳೆದುಕೊಂಡ.

“ಹಡಿಯಾಕಿ ಆಕಿ. ನಂದ್ಯಾಕ ತಗೀತೀರಿ?”

“ಕೂಸಿನ್ಯಾಗ ನಿಮ್ದೂ ಅರ್ಧ ಐತಲ್ರಿ,” ಎಂದು ಡಾಕ್ಟರಬಾಯಿ ಸೂಜಿ ಚುಚ್ಚಿಯೇ ಬಿಟ್ಟರು.

ಮರುದಿನ ಅವರು ಎಲ್ಲರನ್ನೂ ಕೂರಿಸಿ ತಿಳಿಸಿದರು. ಭಾವನ ರಕ್ತದಲ್ಲಿರುವ ಒಂದು ಅಂಶ ಅಕ್ಕನ ರಕ್ತದಲ್ಲಿಲ್ಲ. ಇಬ್ಬರದೂ ಒಳ್ಳೆಯ ರಕ್ತವೇ. ಆದರೆ ಹೊಟ್ಟೆಯಲ್ಲಿನ ಕೂಸಿಗೆ ತಂದೆಯ ಅಂಶ ಬಂದರೆ ತಾಯಿಯ ಮೈ ಅದನ್ನು ಪರಕೀಯವೆಂದು ತಿಳಿದು ಎದುರು ನಿಲ್ಲುತ್ತದೆ. ಮೊದಲ ಬಸಿರಿನಲ್ಲಿ ಮೈಗೆ ಅದರ ಗುರುತು ಸಿಕ್ಕಿರುವುದಿಲ್ಲ, ಹಾಗಾಗಿ ಆ ಕೂಸು ಉಳಿಯುತ್ತದೆ. ಮುಂದಿನವುಗಳ ರಕ್ತ ಒಡೆಯುತ್ತದೆ, ಮೈ ಹಳದಿಯಾಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಮತ್ತೆ ಬಸಿರಾದರೆ ಇಲ್ಲಿಗೇ ಕರೆತನ್ನಿ, ಹುಟ್ಟಿದ ಕೂಡಲೇ ಕೂಸಿನ ರಕ್ತ ಬದಲಿಸಿ ಉಳಿಸಲು ನೋಡುತ್ತೇವೆ ಎಂದರು. ಅಕ್ಕ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ತಪ್ಪಿಲ್ಲ ಎಂದು ಅವಳಿಗೆ ಒಬ್ಬರಾದರೂ ಹೇಳಿದ್ದು ಅದೇ ಮೊದಲು.

ಭಾವ ಊರಿಗೆ ಹೋಗಿ ಹೇಳಿದ್ದು ಒಂದೇ ಮಾತು: ಅವಳ ರಕ್ತದಲ್ಲಿ ಕೊರತೆ ಇದೆಯಂತೆ. ತನ್ನ ಕೈಗೂ ಸೂಜಿ ಚುಚ್ಚಿದ್ದನ್ನು ಹೇಳಲೇ ಇಲ್ಲ. ಹೀಗೆ, ಅಕ್ಕನ ಮೇಲಿನ ಅಪವಾದ ಕಳೆಯಬೇಕಿದ್ದ ಪರೀಕ್ಷೆಯನ್ನೇ ಅವರು ಅಪವಾದಕ್ಕೆ ಸಾಕ್ಷಿ ಮಾಡಿಕೊಂಡರು.

ಅಕ್ಕ ಮತ್ತೆ ಬಸಿರಾದಳು. ದಿನ ತುಂಬುವ ಮೊದಲೇ ಅಪ್ಪ ಮತ್ತು ನಾನು ಕರೆದೊಯ್ಯಲು ಹೋದೆವು. ಅತ್ತೆ ಹೊಸ್ತಿಲಿಗೆ ಅಡ್ಡ ಕುಳಿತಳು.

“ನಮ್ಮ ರಕ್ತ ತಗದು ಯಾರದೋ ರಕ್ತ ಹಾಕಿದ್ರ, ಅದು ನಮ್ಮ ಮನಿ ಕೂಸು ಹೆಂಗಾಗ್ತೈತಿ?”

ಆ ರಕ್ತ ಬದಲಿಸದಿದ್ದರೆ ಕೂಸು ಸಾಯುತ್ತದೆ ಎಂದು ನಾನು ಕೂಗಾಡಿದೆ. ಮದುವೆಯಾಗದ ಹುಡುಗಿ ಬಸಿರು ಬಾಣಂತನದ ಮಾತಾಡುವುದು ಶೋಭೆಯಲ್ಲ ಎಂದು ಹಿರಿಯರು ನನ್ನ ಬಾಯಿ ಮುಚ್ಚಿಸಿದರು. ಭಾವ ಅಂಗಳದಲ್ಲಿ ಎತ್ತಿನ ಮೈ ತಿಕ್ಕುತ್ತ ನಿಂತಿದ್ದ, ತಿರುಗಿ ನೋಡಲಿಲ್ಲ. ಅಪ್ಪನೂ ಬೀಗರೊಡನೆ ಜಗಳ ಬೇಡವೆಂದು ಎದ್ದು ಬಂದುಬಿಟ್ಟರು. ಅವರ ಮೇಲೂ ನನಗೆ ಸಿಟ್ಟಿದೆ.

ಗಂಡು ಕೂಸು. ಅದೂ ಹಳದಿಯಾಯಿತು, ಅದೂ ಉಳಿಯಲಿಲ್ಲ.

ಮುಂದಿನ ಬೇಸಿಗೆಗೆ ಭಾವ ಇನ್ನೊಂದು ಮದುವೆಯಾದ. ಹಾಗೆ ಆಗಬಾರದೆಂದು ಕಾನೂನು ಬಂದಿತ್ತು. ನಾಲ್ಕು ಮಂದಿಯಲ್ಲಿ ಮರ್ಯಾದೆ ಹೋಗುತ್ತದೆಂದು ಅಪ್ಪ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಅಕ್ಕ ಮಗಳನ್ನು ಕರೆದುಕೊಂಡು ಇಂಡಿಗೆ ಬಂದಳು, ಹೊಲಿಗೆ ಕಲಿತಳು.

ಹೊಸಬಳ ಮಕ್ಕಳೆಲ್ಲ ಬದುಕಿದವು. ದೋಷ ಯಾರದೆಂದು ಈಗ ತಿಳಿಯಿತಲ್ಲ ಎಂದು ಊರು ಮಾತಾಡಿಕೊಂಡಿತು. ಬಹುಶಃ ಅವಳ ರಕ್ತ ಭಾವನ ರಕ್ತಕ್ಕೆ ಹೊಂದುವಂಥದ್ದು, ಅಷ್ಟೇ. ಅದನ್ನು ಯಾರೂ ಪರೀಕ್ಷಿಸಲಿಲ್ಲ, ಕೇಳುವ ಗರಜೂ ಯಾರಿಗೂ ಇರಲಿಲ್ಲ. ಒಮ್ಮೆ ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಆ ಅತ್ತೆ ಮೊಮ್ಮಗನನ್ನು ಕಂಕುಳಲ್ಲಿಟ್ಟುಕೊಂಡು ಎದುರಾದಳು. ದೇವರು ಕಣ್ಣು ತೆರೆದ ಎಂದಳು. ನಾನು ಕೂಸಿನ ಕೆನ್ನೆ ಮುಟ್ಟಿದೆ. ಅದೇನು ಮಾಡಿತ್ತು ಪಾಪ. ಆಮೇಲೆ ನನ್ನ ಬಸ್ಸು ಹತ್ತಿದೆ.

ಅಕ್ಕ ಗಂಡನ ಮನೆಯವರನ್ನು ಎಂದೂ ಬೈಯಲಿಲ್ಲ. ಮನಸ್ಸಿನಲ್ಲಿ ಕ್ಷಮಿಸಿದ್ದಳೇನೋ, ನಾನು ಕೇಳಲಿಲ್ಲ. ನಾನಂತೂ ಕ್ಷಮಿಸಿಲ್ಲ.