ಘಾಟಿನ ಮೇಲೆ ಹೊರಿಸಿದ ತಪ್ಪು

ಅಕ್ಕನ ಕೈಗೆ ಆ ಬಾಟಲಿಯನ್ನು ಕೊಟ್ಟವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣವೆಂದು ಇಟ್ಟುಕೊಂಡರೆ ನಡುವೆ ಎಲ್ಲಾದರೂ ನನ್ನ ಪಾಲನ್ನು ಕಡಿಮೆ ಮಾಡಿಕೊಂಡೇನು.

ರಾಣೆಬೆನ್ನೂರಿನಲ್ಲಿ ನನ್ನದೊಂದು ಔಷಧ ಅಂಗಡಿ ಇದೆ. ಅಕ್ಕ ಇರುವುದು ಬ್ಯಾಡಗಿಯಲ್ಲಿ. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಮೆಣಸಿನಕಾಯಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಗುಂಪಿಗೆ ಅವಳೇ ಹಿರಿಯಳು. ಇಪ್ಪತ್ತಾರು ವರ್ಷ ಅದೇ ಕೆಲಸ. ಅಪ್ಪ ತೀರಿಕೊಂಡ ಮೇಲೆ ನಾನು ಫಾರ್ಮಸಿ ಓದಿ ಮುಗಿಸಿದ್ದು ಅವಳ ಆ ದುಡಿಮೆಯಿಂದ. ರಾಶಿಯಿಂದ ಒಂದು ಕಾಯಿ ಎತ್ತಿ, ಮುರಿದು, ಮೂಗಿನ ಹತ್ತಿರ ಹಿಡಿದರೆ ಅದು ಈ ವರ್ಷದ್ದೋ, ಶೀತಲಗೃಹದಲ್ಲಿದ್ದ ಹೋದ ವರ್ಷದ್ದೋ ಎಂದು ಹೇಳಬಲ್ಲಳು. ಖರೀದಿಗೆ ಬಂದವರು ಕೂಡ ಕೆಲವು ಸಲ ಅವಳ ಮುಖ ನೋಡಿಯೇ ದರ ಬರೆಯುತ್ತಿದ್ದರು. ಊರಿನಲ್ಲಿ ಅವಳಿಗಿದ್ದ ಮರ್ಯಾದೆಯೆಲ್ಲ ಆ ಕೆಲಸದಿಂದ ಬಂದದ್ದು.

ದೀಪಾವಳಿಗೆ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಎಣ್ಣೆ ಸ್ನಾನವಾದ ಮೇಲೆ ಅವಳ ತಲೆ ಬಾಚುತ್ತಿದ್ದೆ. ಬೈತಲೆಯ ಎರಡೂ ಕಡೆ ನೆತ್ತಿ ಬೆಳ್ಳಗೆ ಕಾಣುತ್ತಿತ್ತು. ನಾನು ಏನೂ ಅನ್ನುವ ಮೊದಲೇ ಅವಳೇ ಅಂದಳು, "ಬೈತಲಿ ಅಲ್ಲದು, ಬಸ್ ಹೋಗೂ ರಸ್ತೆ ಅಂತಾರ ನಮ್ಮ ಮಂದಿ." ನಗುತ್ತಲೇ ಅಂದಳು. ಆದರೆ ಚೌರಿ ಇಟ್ಟುಕೊಳ್ಳುವಾಗ ಕನ್ನಡಿಗೆ ಬೆನ್ನು ಹಾಕಿ ಕೂತಳು. ಮರುದಿನ ಅಂಗಡಿಯಿಂದ ಕೂದಲು ಬೆಳೆಸುವ ಮಿನಾಕ್ಸಿಡಿಲ್ ದ್ರಾವಣದ ಒಂದು ಬಾಟಲಿ ತಂದೆ. ಯಾವ ವೈದ್ಯರನ್ನೂ ಕೇಳಲಿಲ್ಲ. ದಿನಕ್ಕೆ ಎಷ್ಟು ಜನರಿಗೆ ಕೊಡುತ್ತೇನೆ, ನನ್ನ ಅಕ್ಕನಿಗೆ ಕೊಡಲಾರೆನೇ ಎಂದುಕೊಂಡೆ. ಮನೆಯಲ್ಲಿ ತನ್ನ ಸೊಸೆ ಕಂಡರೆ ನಾಚಿಕೆ ಎಂದು ಅವಳು ಅಂದದ್ದಕ್ಕೆ ಪೆಟ್ಟಿಗೆಯನ್ನು ತೆಗೆದು ಬರೀ ಬಾಟಲಿಯನ್ನು ಕಾಗದದಲ್ಲಿ ಸುತ್ತಿಕೊಟ್ಟೆ. ಪೆಟ್ಟಿಗೆಯ ಜೊತೆ ಒಳಗಿದ್ದ ಸೂಚನೆಯ ಚೀಟಿಯೂ ಹೋಯಿತು. ಕೆರೆತ, ಉರಿ, ಊತ ಬಂದರೆ ನಿಲ್ಲಿಸಬೇಕೆಂದು ಅದರಲ್ಲಿ ಇರುತ್ತದೆ. ನಾನು ಹೇಳಿದ್ದು ಬೇರೆಯದು: ಮುಂಜಾನೆ ಒಮ್ಮೆ, ರಾತ್ರಿ ಒಮ್ಮೆ ಹಚ್ಚಬೇಕು, ನಡುವೆ ಬಿಡಬಾರದು, ಬಿಟ್ಟರೆ ಬಂದ ಕೂದಲೂ ಉದುರುತ್ತದೆ. ಅದು ಸುಳ್ಳಲ್ಲ. ಅಕ್ಕ ಅದನ್ನು ವ್ರತದಂತೆ ಪಾಲಿಸಿದಳು.

ಸಂಕ್ರಾಂತಿಯ ವಾರ ಅವಳ ಫೋನ್ ಬಂತು. ಹಣೆ, ಕಿವಿಯ ಹಿಂದೆ ಕೆರೆತ, ಕಣ್ಣಿನ ರೆಪ್ಪೆ ಊದಿದೆ ಎಂದಳು. ಆಗ ಮಾರುಕಟ್ಟೆಗೆ ಹೊಸ ಕಾಯಿಯ ಚೀಲಗಳು ಏರುತ್ತಿದ್ದ ಕಾಲ. ನಾನು ಯೋಚಿಸಲೇ ಇಲ್ಲ. "ಘಾಟು ಅಕ್ಕ," ಅಂದೆ.

ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಸುಗ್ಗಿಯಲ್ಲಿ ರೈಲು ಇಳಿದ ಪರಸ್ಥಳದವರು ಸೀನುತ್ತಾರೆ, ನಾವು ಸೀನುವುದಿಲ್ಲ. ಆದರೂ ನಮ್ಮ ಮನೆಗಳಲ್ಲಿ ಮಗುವಿನ ಕಣ್ಣು ಕೆಂಪಾದರೆ ಘಾಟು, ಮುದುಕರಿಗೆ ಕೆಮ್ಮು ಬಂದರೆ ಘಾಟು, ಮೈಮೇಲೆ ಗಂಧೆ ಎದ್ದರೂ ಘಾಟು. ಆ ಮಾತು ಬಂದ ಕೂಡಲೇ ಎಲ್ಲರೂ ಸುಮ್ಮನಾಗುತ್ತಾರೆ. ನಾನೂ ಆ ಊರಿನ ಮಗಳೇ. ಔಷಧ ಓದಿದ ಮೇಲೆ ಆ ಅಭ್ಯಾಸ ಹೋಗಿದೆ ಎಂದು ತಿಳಿದಿದ್ದೆ, ಹೋಗಿರಲಿಲ್ಲ.

ಅಕ್ಕ ಒಂದು ಪ್ರಶ್ನೆ ಕೇಳಿದ್ದಳು. ಇಪ್ಪತ್ತಾರು ವರ್ಷ ಆಗದ್ದು ಈಗ ಯಾಕೆ ಎಂದು. ಅದು ಸರಿಯಾದ ಪ್ರಶ್ನೆ. ವಯಸ್ಸಾಯಿತಲ್ಲ, ಮೈ ಮೊದಲಿನಂತೆ ತಾಳುವುದಿಲ್ಲ ಎಂದು ನಾನು ಉತ್ತರ ಕೊಟ್ಟೆ. ಅಂಗಡಿಯ ಮುಂದೆ ನಿಂತವರಿಗೆ ಉತ್ತರ ಕೊಡುವ ದನಿಯಲ್ಲೇ ಕೊಟ್ಟೆ. ಬಸ್ಸಿನಲ್ಲಿ ಅಲರ್ಜಿಯ ಗುಳಿಗೆ, ಒಂದು ಮುಲಾಮು ಕಳಿಸಿದೆ. ಎರಡು ದಿನ ಇಳಿಯಿತು, ಮತ್ತೆ ಏರಿತು. ಇಳಿದಾಗ ನನ್ನ ಔಷಧ ಕೆಲಸ ಮಾಡಿತು ಅಂದೆ, ಏರಿದಾಗ ಘಾಟು ಹೆಚ್ಚಾಯಿತು ಅಂದೆ.

ಫೆಬ್ರವರಿಯ ಹೊತ್ತಿಗೆ ಅವಳ ಹಣೆಯ ಚರ್ಮ ಒಡೆದು ನೀರು ಒಸರುತ್ತಿತ್ತು. ಜೊತೆಯ ಹೆಂಗಸರು ಕೂರುವ ಗೋಣಿತಟ್ಟನ್ನು ಸ್ವಲ್ಪ ದೂರ ಸರಿಸಿಕೊಂಡರಂತೆ. ಇದನ್ನು ಅಕ್ಕ ದೂರಿನಂತೆ ಹೇಳಲಿಲ್ಲ, ಜಾಗ ಇಕ್ಕಟ್ಟಾಗಿತ್ತು ಎಂಬಂತೆ ಹೇಳಿದಳು. ಒಂದು ಭಾನುವಾರ ನಾನೇ ಬ್ಯಾಡಗಿಗೆ ಹೋಗಿ, ಈ ಕೆಲಸ ಇನ್ನು ನಿನ್ನ ಮೈಗೆ ಆಗದು, ಬಿಟ್ಟುಬಿಡು ಅಂದೆ. ದಲಾಲಿ ಅಂಗಡಿಯವರ ಮನೆಗೂ ಹೋಗಿ ಅದನ್ನೇ ಹೇಳಿದೆ. ಓದಿದ ತಂಗಿ ಹೇಳಿದಳೆಂದು ಅವರು ತಲೆಯಾಡಿಸಿದರು. ಅಕ್ಕನನ್ನು ಯಾರೂ ತೆಗೆಯಲಿಲ್ಲ. ನಾನು ತೆಗೆಸಿದೆ.

ಅವಳು ಮನೆಯಲ್ಲಿ ಕೂತಳು. ಖಾರದ ಪುಡಿಯ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಳು, ಹಸಿಮೆಣಸಿನಕಾಯಿಯಲ್ಲೇ ಅಡುಗೆಯಾಯಿತು. ಬಾಟಲಿ ಮುಗಿದಂತೆ ಹೊಸದನ್ನು ನಾನು ಕಳಿಸುತ್ತಿದ್ದೆ. ಬೇಸಿಗೆ ಹೋಯಿತು, ಮಳೆ ಬಂತು, ಕೆರೆತ ಹೋಗಲಿಲ್ಲ. ಓಣಿಯವರು ಘಾಟು ಮೈಯೊಳಗೆ ಇಳಿದಿದೆ, ಹೊರಗೆ ಬರಲು ವರ್ಷ ಬೇಕು ಅಂದರು. ಆ ಮಾತು ನಡೆದಾಗ ನಾನು ಅಲ್ಲೇ ಇದ್ದೆ. ಅಲ್ಲ ಎನ್ನಲಿಲ್ಲ.

ಶ್ರಾವಣದಲ್ಲಿ ನಾವಿಬ್ಬರೂ ಎರಡು ಹೊಳೆ ಕೂಡುವ ಗಳಗನಾಥಕ್ಕೆ ಹೋದೆವು. ಅಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ. ಎರಡು ದಿನಕ್ಕೆಂದು ಹೋದವರು ಹೊಳೆ ತುಂಬಿ, ಮಳೆ ಹಿಡಿದು, ಆರು ದಿನ ಇದ್ದೆವು. ಅಕ್ಕ ದಿನವೂ ಸಂಗಮದ ನೀರನ್ನು ತಂಬಿಗೆಯಲ್ಲಿ ತಂದು ತಲೆಗೆ ಹಾಕಿಕೊಂಡಳು. ನಾಲ್ಕನೆಯ ದಿನ ರೆಪ್ಪೆಯ ಊತ ಇಳಿಯಿತು. ಆರನೆಯ ದಿನ ಹಣೆಯ ಚರ್ಮ ಒಣಗಿ, ಕೆಳಗೆ ಹೊಸದು ಕಾಣಿಸಿತು. ಚಿಕ್ಕಮ್ಮ ದೇವರಿಗೆ ಕಾಯಿ ಒಡೆಸಿದಳು. ಅವಳ ಮನೆಯಲ್ಲಿ ಖಾರಕ್ಕೇನೂ ಪಥ್ಯವಿರಲಿಲ್ಲ. ಆರು ದಿನವೂ ಅಕ್ಕ ರೊಟ್ಟಿಯ ಜೊತೆ ಕೆಂಪು ಖಾರ ತಿಂದಳು, ಚಿಕ್ಕಮ್ಮನಿಗೆಂದು ಒಂದು ಮೊರ ಮೆಣಸಿನಕಾಯಿಯ ತೊಟ್ಟನ್ನೂ ಬಿಡಿಸಿಕೊಟ್ಟಳು.

ಹೊರಡುವ ದಿನ ಕಟ್ಟೆಯ ಮೇಲೆ ಕೂತು ಅಕ್ಕ ಅಂದಳು, "ಬಾಟ್ಲಿ ಮನಿಯಾಗ ಬಿಟ್ಟು ಬಂದೇನಿ. ಆರು ದಿನ ಹಚ್ಚಿಲ್ಲ. ಮತ್ತ ಉದರತಾವೇನ?"

ಆಗ ನನಗೆ ತಿಳಿಯಿತು. ಇದನ್ನು ಬಹಳ ಸಲ ತಿರುಗಿಸಿ ನೋಡಿದ್ದೇನೆ. ಅನುಮಾನ ಬಂತು ಎಂದು ಬರೆದರೆ ನನಗೆ ಹಗುರಾಗುತ್ತದೆ, ಆದರೆ ಅದು ಅನುಮಾನವಲ್ಲ. ಖಾರ ಇತ್ತು, ಬಾಟಲಿ ಇರಲಿಲ್ಲ, ಕೆರೆತ ಇರಲಿಲ್ಲ. ಇಷ್ಟು ಗೊತ್ತಾಗಲು ಓದು ಬೇಡ. ಗೊತ್ತಾದ ಮೇಲೆ ನಾನು ಆಡಿದ ಮಾತು ಇದು: "ಊರಿಗೆ ಹೋದ ಮ್ಯಾಲೆ ಹಚ್ಚಿಕೋ. ಬಿಡಬ್ಯಾಡ."

ಯಾಕೆ ಹಾಗೆ ಅಂದೆ? ಅದು ಬಾಟಲಿ ಎಂದಾದರೆ ಫೆಬ್ರವರಿಯ ಆ ಭಾನುವಾರ, ದಲಾಲಿ ಅಂಗಡಿಯವರ ಮನೆ, ತಿಂಗಳುಗಟ್ಟಲೆ ಕೈಕಟ್ಟಿ ಕೂತ ಅಕ್ಕ, ಎಲ್ಲವೂ ಒಮ್ಮೆಲೇ ನನ್ನದಾಗುತ್ತಿತ್ತು. ಅದನ್ನು ಹೊರಲು ನನಗೆ ಒಂದಿಷ್ಟು ದಿನ ಬೇಕಾಗಿತ್ತು. ಆ ದಿನಗಳನ್ನು ಅವಳ ಚರ್ಮದಿಂದ ತೆಗೆದುಕೊಂಡೆ.

ಅವಳು ಮತ್ತೆ ಹಚ್ಚತೊಡಗಿ ಒಂಬತ್ತು ದಿನವಾಯಿತು, ಕೆರೆತ ಎರಡನೆಯ ದಿನವೇ ಮರಳಿತ್ತು. ಹತ್ತನೆಯ ದಿನ ಅವಳ ಎರಡೂ ಕಣ್ಣು ಮುಚ್ಚಿಹೋದವು. ಸೊಸೆ ಫೋನ್ ಮಾಡಿದಾಗ ನಾನು ಅಂಗಡಿ ಮುಚ್ಚಿ ಬ್ಯಾಡಗಿಗೆ ಹೋಗಿ, ಅಕ್ಕನನ್ನು ಹಾವೇರಿಯ ಚರ್ಮದ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಾದ ವೈದ್ಯರು. ಮುಖ ನೋಡಿ ಅವರು ಮೊದಲು ಕೇಳಿದ್ದೇ ತಲೆಗೆ ಏನು ಹಚ್ಚುತ್ತೀರಿ ಎಂದು.

"ಏನಿಲ್ರಿ, ಕೊಬ್ಬರಿ ಎಣ್ಣಿ," ಅಂದಳು ಅಕ್ಕ.

ಕಣ್ಣು ಕಾಣದಿದ್ದರೂ ಅವಳು ಮುಖವನ್ನು ನನ್ನ ಕಡೆಯಿಂದ ಆಚೆ ತಿರುಗಿಸಿಕೊಂಡಳು. ವೈದ್ಯರ ಚೀಟಿಯಿಲ್ಲದೆ ಔಷಧ ಕೊಟ್ಟಿದ್ದಕ್ಕೆ ನನಗೆ ತೊಂದರೆಯಾದೀತು ಎಂದು ಹೆದರಿದ್ದಳು. ವೈದ್ಯರು ಬರೆಯಲು ಪೆನ್ನು ಎತ್ತಿದ್ದರು. ಅವರು ಒಂದು ಸಾಲು ಬರೆಯುವವರೆಗೂ ನಾನು ಸುಮ್ಮನಿದ್ದೆ. ಆಮೇಲೆ ಹೇಳಿದೆ.

ಅವರು ನನ್ನನ್ನು ಬೈಯಲಿಲ್ಲ. ಅಕ್ಕನಿಗೆ ತಿಳಿಯುವಂತೆ ಹೇಳಿದರು: ಮೈಯೊಳಗೆ ಒಂದು ಕಾವಲಿದೆ, ರೋಗ ತರುವುದನ್ನು ಗುರುತು ಹಿಡಿದು ಹೊಡೆಯುವುದು ಅದರ ಕೆಲಸ. ಚರ್ಮಕ್ಕೆ ದಿನವೂ ಹಚ್ಚುವ ವಸ್ತುವಿನ ಬಗ್ಗೆ ಹೆಚ್ಚಿನವರಲ್ಲಿ ಅದು ಸುಮ್ಮನಿರುತ್ತದೆ. ಕೆಲವರಲ್ಲಿ ಮಾತ್ರ, ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಆ ವಸ್ತುವನ್ನೇ ವೈರಿ ಎಂದು ಗುರುತು ಹಾಕಿಕೊಳ್ಳುತ್ತದೆ. ಒಮ್ಮೆ ಹಾಕಿದ ಗುರುತನ್ನು ಮರೆಯುವುದಿಲ್ಲ. ಆಮೇಲೆ ಸ್ವಲ್ಪ ತಾಗಿದರೂ ಸಾಕು, ಒಂದೆರಡು ದಿನದಲ್ಲಿ ಚರ್ಮ ಕೆರಳುತ್ತದೆ. ಘಾಟು ಹಾಗಲ್ಲ. ಅದು ಯಾರಿಗೆ ತಾಗಿದರೂ ಉರಿಯುತ್ತದೆ, ಆಗಿಂದಾಗಲೇ ಉರಿಯುತ್ತದೆ.

ಈ ಪಾಠವನ್ನು ನಾನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ.

ಅಕ್ಕ ಎಲ್ಲವನ್ನೂ ಕೇಳಿ ಒಂದೇ ಮಾತು ಅಂದಳು. "ಹಂಗಾರ ಮೆಣಸಿನಕಾಯಿದು ತಪ್ಪಿಲ್ಲೇನ್ರಿ?"

ಇರಲಿಕ್ಕಿಲ್ಲ, ಆದರೆ ಖಾತ್ರಿ ಮಾಡಿಕೊಳ್ಳೋಣ ಅಂದರು ವೈದ್ಯರು. ಚರ್ಮದ ಊತ ಇಳಿದ ಮೇಲೆ ಹುಬ್ಬಳ್ಳಿಯಲ್ಲಿ ಪರೀಕ್ಷೆಯಾಯಿತು. ಒಂದೊಂದಕ್ಕೆ ಒಂದೊಂದು ವಸ್ತು ಹಚ್ಚಿದ ಚಿಕ್ಕ ಚಿಕ್ಕ ಪಟ್ಟಿಗಳನ್ನು ಬೆನ್ನಿಗೆ ಸಾಲಾಗಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡಿದರು. ಒಂದು ಪಟ್ಟಿಯ ಜಾಗ ಮಾತ್ರ ಕೆಂಪಾಗಿ ದಪ್ಪಗಾಗಿತ್ತು. ಅದು ಕೂದಲು ಬೆಳೆಸುವ ಔಷಧವೂ ಅಲ್ಲ, ಅದನ್ನು ಕರಗಿಸಿಡುವ ದ್ರವ. ಮೆಣಸಿನಕಾಯಿಯನ್ನು ಹೀಗೆ ಬೆನ್ನಿಗೆ ಕಟ್ಟಿ ನೋಡಲು ಬರುವುದಿಲ್ಲ, ಎಲ್ಲರಿಗೂ ಉರಿದೇ ಉರಿಯುತ್ತದೆ, ಕೆಲಸಕ್ಕೆ ಹೋಗಿಯೇ ನೋಡಬೇಕು ಅಂದರು ಅಲ್ಲಿಯ ವೈದ್ಯರು. ಕೂದಲಿಗೆ ನುಂಗುವ ಗುಳಿಗೆಗಳ ಬಗ್ಗೆಯೂ ನಾನು ಕೇಳಿದೆ. ಆ ಗುಳಿಗೆ ಬಿಟ್ಟ ಮೇಲೂ ಸುಸ್ತು, ಉರಿ ಎಂದು ನನ್ನ ಅಂಗಡಿಗೆ ಬಂದವರಿದ್ದರು, ಅದಕ್ಕೂ ನಾನು ವಯಸ್ಸು, ಉಷ್ಣ ಎಂದು ಬೇರೆ ಬೇರೆ ಹೆಸರಿಟ್ಟು ಅವರನ್ನು ಕಳಿಸಿದ್ದೆ. ಅದರಲ್ಲೂ ಮೈಯ ಕಾವಲಿನ ಪಾತ್ರವಿದೆಯೇ ಎಂಬುದನ್ನು ಇನ್ನೂ ಖಚಿತವಾಗಿ ಹೇಳಲು ಬಾರದು ಅಂದರು. ಬಾರದು ಎಂದು ಅವರು ಅಷ್ಟು ಸುಲಭವಾಗಿ ಅಂದದ್ದು ನನಗೆ ಈಗಲೂ ನೆನಪಿದೆ.

ಹುಬ್ಬಳ್ಳಿಯಿಂದ ತಿರುಗಿ ಬರುವಾಗ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ಮೋಟೆಬೆನ್ನೂರು ಬರುವ ಮುಂಚೆ ನಾನು ಗಳಗನಾಥದ ವಿಷಯ ತೆಗೆದೆ. ಆ ದಿನ ನನಗೆ ಗೊತ್ತಾಗಿತ್ತು ಅಂದೆ.

"ನನಗೂ ಗೊತ್ತಾತು," ಅಂದಳು. "ನಿನ್ನ ಮಾರಿ ನೋಡಿದ್ನಲ್ಲ."

"ಮತ್ತ ಯಾಕ ಹಚ್ಚಿಕೊಂಡಿ?"

"ನೀ ಹಚ್ಚಿಕೋ ಅಂದಿ."

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಅಳುತ್ತಿದ್ದೆನೋ ಏನೋ. ಮಾರುಕಟ್ಟೆಗೆ ಬಂದು ನೀನೇ ಹೇಳಬೇಕು ಅಂದಳು. ತಾನು ಹೇಳಿದರೆ ಕೂಲಿಯ ಆಸೆಗೆ ಹೇಳುತ್ತಾಳೆ ಅನ್ನುತ್ತಾರೆ, ಬ್ಯಾಡ ಅಂದವಳೇ ಹೌದು ಅನ್ನಬೇಕು ಎಂಬುದು ಅವಳ ಲೆಕ್ಕ.

ಹೊಸ ಕಾಯಿ ಬರತೊಡಗಿದ ಮೇಲೆ, ಒಂದು ಮಂಗಳವಾರ ಹೋದೆವು. ಮೊದಲು ದಲಾಲಿ ಅಂಗಡಿಯವರಿಗೆ ಹೇಳಿದೆ. ಆಮೇಲೆ ತಗಡಿನ ಚಾವಣಿಯ ಕೆಳಗೆ ರಾಶಿಯ ಸುತ್ತ ಕೂತಿದ್ದ ಹನ್ನೆರಡು ಹದಿಮೂರು ಹೆಂಗಸರ ಮುಂದೆ ನಿಂತು ಹೇಳಿದೆ. ಇದು ಘಾಟಲ್ಲ, ಅಂಟುವ ರೋಗವೂ ಅಲ್ಲ, ನಾನು ಕೊಟ್ಟ ಔಷಧ ಅವಳಿಗೆ ಆಗಿಬರಲಿಲ್ಲ, ಅದು ತಿಳಿದ ಮೇಲೂ ನಾನು ಹಚ್ಚಿಕೋ ಅಂದೆ. ಕೊನೆಯ ಮಾತನ್ನು ಹೇಳಬೇಕಾದ ಅಗತ್ಯ ಇರಲಿಲ್ಲ. ಹೇಳುವಾಗ ದನಿ ಸಣ್ಣಗಾಯಿತು, ಹಿಂದೆ ಕೂತವಳೊಬ್ಬಳು ಏನಂದಳು ಏನಂದಳು ಎಂದು ಕೇಳಿದಳು. ಇನ್ನೊಮ್ಮೆ ಹೇಳಿದೆ.

ಯಾರೂ ಕೈ ನಿಲ್ಲಿಸಲಿಲ್ಲ. ಈಗ ಗುಂಪಿಗೆ ಹಿರಿಯಳಾಗಿದ್ದವಳು ಮಾತ್ರ ತಲೆಯೆತ್ತಿ ನೋಡಿದಳು. "ಒಂದು ವರ್ಷ ಮೆಣಸಿನಕಾಯಿಗೆ ಬೈಸಿದಿ ನೋಡವ್ವ. ಅದಕ್ಕ ಬಾಯಿಲ್ಲ, ಸುಮ್ಮನಿತ್ತು," ಅಂದಳು. ಕೆಲವರು ನಕ್ಕರು. ಆಮೇಲೆ ಅವಳು ಅಕ್ಕನಿಗೆ ಸಾಲಿನ ತುದಿಯ ಕಡೆ ಕೈ ತೋರಿಸಿದಳು. ತನ್ನ ಜಾಗ ಬಿಟ್ಟು ಏಳಲಿಲ್ಲ. ಏಳಬೇಕೆಂದು ಅಕ್ಕ ಅಂದುಕೊಂಡಿದ್ದಳೋ ಇಲ್ಲವೋ ನನಗೆ ತಿಳಿಯದು. ತುದಿಗೆ ಹೋಗಿ, ಸೀರೆಯ ಸೆರಗನ್ನು ತಲೆಗೆ ಬಿಗಿದುಕೊಂಡು ಕೂತು, ರಾಶಿಯನ್ನು ಎಳೆದುಕೊಂಡಳು.

ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಒಬ್ಬಳು ಮುದುಕಿ ಹಿಂದಿನಿಂದ ಬಂದು ತೋಳು ಹಿಡಿದಳು. ದನಿ ತಗ್ಗಿಸಿ, "ಆದರೂ ಕೂದಲ ಬಂದಾವಲ್ಲ ನಿಮ್ಮ ಅಕ್ಕಗ. ನನಗೂ ಒಂದು ಬಾಟ್ಲಿ ತಂದು ಕೊಡು ತಂಗೆವ್ವ," ಅಂದಳು.

ಬಂದಿದ್ದವು. ಬೈತಲೆಯ ಪಕ್ಕದಲ್ಲಿ ಬೆರಳಿನುದ್ದದ ಕರಿಯ ಕೂದಲು, ನಾನೂ ನೋಡಿದ್ದೆ. ಬಿಟ್ಟ ಮೇಲೆ ಅವೂ ಒಂದೊಂದಾಗಿ ಉದುರುತ್ತಿದ್ದವು. ಮೊದಲು ವೈದ್ಯರಿಗೆ ತೋರಿಸಿ ಅಂದೆ. ನೀನೇ ಡಾಕ್ಟರಲ್ಲವೇ ಅಂದಳು. ಅಲ್ಲ ಅಂದೆ. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ, ತೋಳು ಬಿಡಲಿಲ್ಲ. ಎಲ್ಲೋ ಒಂದು ಕಡೆ ಅವಳು ಆ ಬಾಟಲಿಯನ್ನು ಕೊಂಡೇ ಕೊಳ್ಳುತ್ತಾಳೆ ಎಂದು ನನಗೆ ಕಾಣಿಸಿತು.

"ಹಚ್ಚಿಕೊಂಡ್ರ, ಕೆರೆತ ಬಂದ ದಿನಾನ ಬಿಡ್ರಿ," ಅಂದೆ. "ನನ್ನ ಕೇಳಾಕ ಬರಬ್ಯಾಡ್ರಿ. ಬಂದಾಗ ನಾ ಘಾಟು ಅಂದ್ರ, ನಂಬಬ್ಯಾಡ್ರಿ."

ನಾನು ನಗೆಯಾಡಿದೆನೆಂದು ತಿಳಿದು ಮುದುಕಿ ನಕ್ಕಳು. ಅಕ್ಕ ಅಷ್ಟು ದೂರದಿಂದ ಕೇಳಿಸಿಕೊಂಡಿರಬೇಕು. ತಲೆ ಎತ್ತಲಿಲ್ಲ. ನಿನ್ನ ಅಂಗಡಿ ತೆಗೆಯುವ ಹೊತ್ತಾಯಿತು, ಬಸ್ಸಿಗೆ ಹೋಗು ಎಂದು ಕೈಯಲ್ಲೇ ಸನ್ನೆ ಮಾಡಿದಳು.