ಎತ್ತಬಾರದ ಹೆಸರು

ಕೊಚ್ಕೋರ್ ಊರಿನಲ್ಲಿ ಜೂರಾಕಾನ್ ಮಾಡಿದ ಉಣ್ಣೆಹಾಸು ಇಲ್ಲದ ಮನೆಯನ್ನು ಹುಡುಕಿಯೇ ನೋಡಬೇಕು. ಉಣ್ಣೆ ಹರಡಿ, ಕುದಿನೀರು ಚೆಲ್ಲಿ, ಸೋಪು ಹಚ್ಚಿ, ಸುತ್ತಿ, ಉರುಳಿಸಿ ಅವಳ ಬೆರಳ ತುದಿಗಳು ತೊಗಲಿನಂತಾಗಿದ್ದವು. ಬಿಸಿ ಬಾಣಲೆಯನ್ನು ಬಟ್ಟೆ ಹಿಡಿಯದೆ ಇಳಿಸುತ್ತಿದ್ದಳು, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಆ ಜಂಬ ಇಳಿದದ್ದು ಸೊಸೆ ಚೋಲ್ಪೋನ್ ಅವಳ ಹಳೆಯ ಗುಂಡಿ ಫೋನು ಕಸಿದಿಟ್ಟು ಹೊಸ ಸ್ಮಾರ್ಟ್‌ಫೋನ್ ಕೈಗೆ ಕೊಟ್ಟ ದಿನ. ಎಷ್ಟು ಒತ್ತಿದರೂ ಗಾಜು ಜಪ್ಪಯ್ಯ ಎನ್ನಲಿಲ್ಲ.

“ಇದು ಸತ್ತಿದೆ ಕಣೇ.”

“ಸತ್ತಿಲ್ಲ ಅಪಾ. ನೀವು ಮುಟ್ಟಿದ್ದು ಅದಕ್ಕೆ ಗೊತ್ತಾಗ್ತಿಲ್ಲ.” ಅತ್ತೆಯನ್ನು ಚೋಲ್ಪೋನ್ ‘ಅಪಾ’ ಎಂದೇ ಕರೆಯುತ್ತಿದ್ದಳು.

“ಹೌದಾ? ನಾನು ಕರೆದಿದ್ದು ಗೊತ್ತಾಗದೋಳು ಈ ಮನೇಲಿ ಒಬ್ಬಳು ಆಗಲೇ ಇದಾಳಲ್ಲ, ಇನ್ನೊಂದ್ಯಾಕೆ ತಂದೆ?”

ಚೋಲ್ಪೋನ್ ನಕ್ಕು ಕೆಲಸ ಮುಂದುವರಿಸಿದಳು. ಅಕ್ಷರಗಳನ್ನು ದಪ್ಪ ಮಾಡಿದಳು, ಒತ್ತಿದಾಗೆಲ್ಲ ಫೋನು ನಡುಗುವುದನ್ನು ನಿಲ್ಲಿಸಿದಳು, ಅತ್ತೆಯದೇ ಒಂದು ಹಾಸಿನ ಚಿತ್ರ ತೆಗೆದು ಪರದೆಯ ತುಂಬ ಹಾಕಿದಳು. ಟಗರುಕೊಂಬಿನ ಕೆಂಪು ಬಳ್ಳಿಗಳ ಮೇಲೆ ಆ್ಯಪ್‌ಗಳ ಬಣ್ಣಬಣ್ಣದ ಚೌಕಗಳು ಎದ್ದು ನಿಂತವು. ಜೂರಾಕಾನ್ ಮುಖ ಸಿಂಡರಿಸಿದಳು.

“ನನ್ನ ಹಾಸಿನ ಮೇಲೆ ಯಾರ್ಯಾರೋ ಚಪ್ಪಲಿ ಬಿಟ್ಟು ಹೋದ ಹಾಗಿದೆ. ಎಲ್ಲಾನೂ ಬಾಗಿಲ ಹತ್ರ ಸರಿಸು.”

ಬೇಡದ್ದೆಲ್ಲ ಮರೆಯಾಗಿ, ಬೇಕಾದ ನಾಲ್ಕು ಮಾತ್ರ ಕೆಳಗೆ ಒಂದು ಸಾಲಿನಲ್ಲಿ ಉಳಿದವು. ಈಗ ಮನೆ ಮನೆಯಂತಿದೆ ಎಂದು ಅವಳಿಗೆ ಸಮಾಧಾನವಾಯಿತು. ಆದರೆ ಬರೆಯುವುದು ಮಾತ್ರ ಬಾಕಿ ಉಳಿಯಿತು, ಅವಳಿಗೆ ಬೇಕಾಗಿದ್ದುದೂ ಅದೇ.

ಕಿರಿಮಗ ತಿಲೆಕ್‌ನ ಮದುವೆ ಗೊತ್ತಾಗಿತ್ತು. ಗಂಡ ಜಾಪರ್ ತೀರಿಹೋದ ಮೇಲೆ ಆ ಮನೆತನಕ್ಕೆ ಹಿರಿಯರೆಂದು ಉಳಿದವರು ಜಾಪರನ ಅಣ್ಣ ಒಬ್ಬರೇ. ಮೇಷ್ಟರಾಗಿದ್ದವರು, ಈಗ ದೂರದ ತಲಾಸಿನಲ್ಲಿ ಮಗನ ಜೊತೆ ಇದ್ದರು. ಊಟದ ಹಾಸಿನ ಮುಂದೆ ಕೂತು ಅವರು ಕೈಯೆತ್ತಿ ಹರಸದಿದ್ದರೆ ಎಷ್ಟು ಕುರಿ ಕಡಿದರೂ ಆ ಮದುವೆ ಜೂರಾಕಾನಳ ಪಾಲಿಗೆ ಮದುವೆಯಲ್ಲ. ಅವರಿಗೆ ಕಿವಿ ಪೂರ್ತಿ ಹೋಗಿತ್ತು, ಫೋನಿನಲ್ಲಿ ಕೂಗಿ ಪ್ರಯೋಜನವಿರಲಿಲ್ಲ. ತಿಲೆಕ್ ಜಾಣತನ ತೋರಿಸಲು ಹೋಗಿ, ಕುಣಿಯುವ ಕುರಿಮರಿಯ ಚಿತ್ರದ ಕೆಳಗೆ ಮದುವೆಯ ದಿನ ಬರೆದು ಕಳಿಸಿದ್ದ. ತಕ್ಷಣ ಉತ್ತರ ಬಂದಿತ್ತು: “ಕುರಿಮರಿ ಕರೆದರೆ ನಾನು ಬರಲ್ಲ. ಜಾಪರನ ಹೆಂಡತಿಗೆ ಕೈ ಇಲ್ವಾ?”

ಕೈ ಇತ್ತು. ಗಾಜು ಅದನ್ನು ಒಪ್ಪುತ್ತಿರಲಿಲ್ಲ ಅಷ್ಟೆ.

ಬೆರಳು ಮೆತ್ತಗಾಗಲೆಂದು ಜೂರಾಕಾನ್ ಕುರಿಯ ಬಾಲದ ಕೊಬ್ಬು ಕಾಸಿ ತಿಕ್ಕಿಕೊಂಡಳು. ಎಳೆಮಕ್ಕಳಿಂದ ಹಿಡಿದು ಕುದುರೆಯ ಜೀನಿನವರೆಗೆ ಎಲ್ಲಕ್ಕೂ ಆಗಿಬರುವ ಮದ್ದು ಅದು. ಫೋನಿಗೆ ಆಗಿಬರಲಿಲ್ಲ. ಪರದೆ ಜಿಡ್ಡುಗಟ್ಟಿ ಅಕ್ಷರಗಳು ಕೊಬ್ಬಿನಡಿ ತೇಲಿದವು.

“ಅಪಾ! ಫೋನಿಗೇ ಒಗ್ಗರಣೆ ಹಾಕ್ಬಿಟ್ರಲ್ಲ!”

“ನಿನ್ನ ಫೋನಿಗೆ ಸೊಕ್ಕು.”

“ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ,” ಎಂದು ಚೋಲ್ಪೋನ್ ಗೊಣಗಿದಳು, ಅತ್ತೆಗೆ ಕೇಳಿಸುವಷ್ಟು ಗಟ್ಟಿಯಾಗಿಯೇ.

ಕೊನೆಗೆ ದಾರಿ ತೋರಿಸಿದ್ದು ಎಡಗೈಯ ಕಿರುಬೆರಳು. ಉಣ್ಣೆ ಎಳೆಯುವಾಗ ಅದು ಸುಮ್ಮನೆ ಮೇಲೆ ನಿಂತಿರುತ್ತದೆ, ಸೋಮಾರಿ. ಹಾಗಾಗಿ ಅದೊಂದು ಮೆತ್ತಗೆ ಉಳಿದಿತ್ತು. ಅದನ್ನು ಊರಿದ ಕಡೆ ಅಕ್ಷರ ಮೂಡಿತು. ಜೂರಾಕಾನಳಿಗೆ ಎಷ್ಟು ಖುಷಿಯಾಯಿತೆಂದರೆ ಮನೆಯಲ್ಲಿದ್ದ ದನದ ಹೆಸರು, ನಾಯಿಯ ಹೆಸರು, ಬೀಗಿತ್ತಿಯ ಹೆಸರು ಎಲ್ಲವನ್ನೂ ಬರೆದು ಅಳಿಸಿ ಬರೆದು ಅಳಿಸಿದಳು.

ಮಾರನೆಯ ಸಂಜೆ ಚೋಲ್ಪೋನ್ ಹಸು ಕರೆಯಲು ಹೋದಾಗ ಅವಳು ಒಬ್ಬಳೇ ಕೂತು ತಲಾಸಿಗೆ ಬರೆಯತೊಡಗಿದಳು. ಇಲ್ಲೊಂದು ಕಷ್ಟವಿತ್ತು. ಆ ಮನೆಗೆ ಸೊಸೆಯಾಗಿ ಬಂದ ದಿನದಿಂದ ಗಂಡನ ಅಣ್ಣನ ಹೆಸರನ್ನು ಅವಳು ಎತ್ತಿದವಳಲ್ಲ. ಆ ಹೆಸರಿನ ಪಕ್ಕದ ಮನೆ ಹುಡುಗನನ್ನೂ ‘ಏ ತುಂಟ’ ಎಂದೇ ಕರೆಯುತ್ತಿದ್ದಳು. ಅವರು ಅವಳಿಗೆ ‘ದೊಡ್ಡವರು’. ಹಾಗೇ ಶುರುಮಾಡೋಣವೆಂದು ಹೋಗಿ, ಬೆರಳು ಜಾರಿ ಬೇರೊಂದು ಅಕ್ಷರ ಒತ್ತಿದಳು. ಫೋನು ತನಗೆಲ್ಲ ಗೊತ್ತು ಎನ್ನುವ ಹಾಗೆ ಮೇಲಿನ ಪಟ್ಟಿಯಲ್ಲಿ ಮೂರು ಪದ ಮುಂದೆ ಹಿಡಿಯಿತು. ನಡುವಿನದು ಅವರ ಹೆಸರು. ಬೋಳು ಹೆಸರು, ಮುಂದೆ ಇಲ್ಲ ಹಿಂದೆ ಇಲ್ಲ.

ಯಾರಾದರೂ ನೋಡಿಯಾರೆಂದು ಅವಳು ಹೆಬ್ಬೆರಳಿನಿಂದ ಅದನ್ನು ಒರೆಸಿದಳು. ಅಷ್ಟು ದಿನ ಕಲ್ಲಿನಂತಿದ್ದ ಹೆಬ್ಬೆರಳು, ಕೊಬ್ಬಿನ ಮಹಿಮೆಯೋ ಏನೋ, ಆಗಲೇ ಕೆಲಸ ಮಾಡಬೇಕೆ? ಹೆಸರು ಬರೆಯುವ ಜಾಗಕ್ಕೆ ಹಾರಿ ಕೂತಿತು. ಅಳಿಸಲು ಹೋಗಿ ಪಕ್ಕದ ಬಾಣದ ಮೇಲೆ ಒತ್ತಿದಳು. ಹೆಸರು ತಲಾಸಿಗೆ ಹೊರಟೇ ಹೋಯಿತು.

“ಚೋಲ್ಪೋನ್! ಏ ಚೋಲ್ಪೋನ್! ವಾಪಸ್ ಕರಿಯೇ ಅದನ್ನ!”

ಚೋಲ್ಪೋನ್ ಹಾಲಿನ ಬಕೆಟ್ ಸಮೇತ ಓಡಿಬಂದಳು. ಅಷ್ಟರಲ್ಲಿ ಹೆಸರಿನ ಪಕ್ಕದ ಎರಡು ಗೀಟುಗಳು ನೀಲಿಯಾಗಿದ್ದವು.

“ಓದಿಬಿಟ್ರು ಅಪಾ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜೂರಾಕಾನ್ ನೆಲದ ಮೇಲೆ ಕುಸಿದು ಕೂತಳು. ಇಷ್ಟು ವರ್ಷ ಕಾಪಾಡಿಕೊಂಡ ಮರ್ಯಾದೆಯನ್ನು ಮಗನ ಮದುವೆಯ ಹೊತ್ತಿಗೆ ಹೆಬ್ಬೆರಳಲ್ಲಿ ಕಳೆದೆನಲ್ಲ ಎಂದು ಅವಳಿಗೆ ಅಳು ಬಂತು. ತಪ್ಪಾಯಿತೆಂದು ಬರೆಯೋಣವೆಂದರೆ ಮತ್ತೆ ಆ ಗಾಜು ಮುಟ್ಟಲು ಧೈರ್ಯ ಬರಲಿಲ್ಲ. ಚೋಲ್ಪೋನ್ ಕೂಡ ಅಂದು ತಮಾಷೆ ಮಾಡಲಿಲ್ಲ, ಚಹಾ ಬಗ್ಗಿಸಿ ಕೊಟ್ಟು ಪಕ್ಕದಲ್ಲಿ ಕೂತಳು.

ಬೆಳಗ್ಗೆ ಅಂಗಳದಲ್ಲಿ ಉಣ್ಣೆ ಬಡಿಯುತ್ತಿದ್ದಾಗ ಫೋನು ಸದ್ದು ಮಾಡಿತು. ಜೂರಾಕಾನ್ ಕೋಲು ಹಿಡಿದೇ ನಿಂತಳು.

“ನೀನೇ ಓದು. ಬೈದಿದ್ರೂ ಪೂರ್ತಿ ಓದು.”

ಚೋಲ್ಪೋನ್ ಓದಿದಳು: “ಜೂರಾಕಾನ್, ನೋಡಿದ ತಕ್ಷಣ ಸಿಟ್ಟು ಬಂತು. ಆಮೇಲೆ ಕನ್ನಡಕ ಹಾಕ್ಕೊಂಡು ಮತ್ತೆ ನೋಡ್ದೆ. ಇಲ್ಲಿ ಒಬ್ಬರು ಅಜ್ಜ ಅಂತಾರೆ, ಒಬ್ಬರು ಮೇಷ್ಟ್ರೇ ಅಂತಾರೆ. ನನ್ನ ಹೆಂಡ್ತಿ ಸಾಯೋವರೆಗೂ ಹೆಸರು ಹಿಡಿದು ಕರೀಲಿಲ್ಲ. ಕರೀತಿದ್ದ ಅಮ್ಮ ಹೋದಳು, ಗೆಳೆಯರೂ ಹೋದರು. ಕಿವಿ ಹೋದ ಮೇಲೆ ಯಾರಾದ್ರೂ ಕರೆದಿದ್ರೂ ನನಗೆ ಕೇಳ್ತಿರಲಿಲ್ಲ. ನಿನ್ನೆ ಕೇಳಿಸ್ತು. ಮದುವೆಗೆ ಬರ್ತೀನಿ. ಆದ್ರೆ ಇನ್ನೊಂದು ಸಲ ಬರಿ.”

ಓದಿ ಮುಗಿಸಿದ ಚೋಲ್ಪೋನ್ ಮೂಗೊರೆಸಿಕೊಂಡು ಕೇಳಿದಳು, “ನಾನು ಬರೀಲಾ ಅಪಾ? ನಿಮಗೆ ಕಷ್ಟ ಆಗುತ್ತೆ.”

“ಕೇಳಿದ್ದು ನನ್ನನ್ನ.”

ಜೂರಾಕಾನ್ ಕೋಲು ಕೆಳಗಿಟ್ಟು ಕೈ ತೊಳೆದಳು. ತಲೆವಸ್ತ್ರ ಬಿಚ್ಚಿ ನೀಟಾಗಿ ಕಟ್ಟಿದಳು. ತಲಾಸಿನ ದಿಕ್ಕಿಗೆ ತಿರುಗಿ, ಹೊಸ ಸೊಸೆಯಂತೆ ಮಂಡಿಯ ಮೇಲೆ ಕೈಯಿಟ್ಟು ಬಾಗಿ ನಮಸ್ಕಾರ ಮಾಡಿದಳು. ಆಮೇಲೆ ಜಗುಲಿಯ ಮೇಲೆ ಕೂತು ಫೋನು ತೊಡೆಯ ಮೇಲಿಟ್ಟುಕೊಂಡಳು. ಮೇಲಿನ ಪಟ್ಟಿ ಹೆಸರನ್ನು ಪೂರ್ತಿಯಾಗಿ ಮುಂದೆ ಹಿಡಿಯಿತು. ಅವಳು ಅದನ್ನು ತೆಗೆದುಕೊಳ್ಳದೆ, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು.

“ಎಸೆನ್‌ಬೆಕ್, ನಮ್ಮನೆ ಮದುವೆಗೆ ಬನ್ನಿ.”