ಹಿತ್ತಾಳೆ ಹೊಟ್ಟೆಯ ಚಿಲಕ

ನಮ್ಮ ಯಜಮಾನರು ಬೀಗ ರಿಪೇರಿ ಮಾಡುವವರು. ಬೀದಿಯವರಿಗೆಲ್ಲ ಅವರು ಬೀಗದಣ್ಣ. ನಿಜವಾದ ಹೆಸರು ಹಿಡಿದು ಯಾರಾದರೂ ಕೇಳಿಕೊಂಡು ಬಂದರೆ ಪಕ್ಕದ ಅಂಗಡಿಯವನೂ ತಲೆ ಕೆರೆದುಕೊಳ್ಳುತ್ತಾನೆ. ಮೂಲೆಯ ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ಅವರ ಅಂಗಡಿ. ಅಂಗಡಿ ಅಂದರೆ ಒಂದು ಮರದ ಮೇಜು, ಕೀ ಕೊರೆಯುವ ಮೆಷಿನ್ನು, ಗೋಡೆಯ ತುಂಬ ಮೊಳೆಗಳಿಗೆ ತೂಗುಹಾಕಿದ, ಇನ್ನೂ ಹಲ್ಲು ಕೊರೆಯದ ಕೀಗಳು. ನೆಟ್ಟಗೆ ಎದ್ದು ನಿಂತರೆ ಮೆಟ್ಟಿಲು ತಲೆಗೆ ಬಡಿಯುತ್ತದೆ. ಅಭ್ಯಾಸಬಲ ನೋಡಿ, ಮನೆಯಲ್ಲೂ ಅವರು ಬಗ್ಗಿಯೇ ಓಡಾಡುತ್ತಾರೆ.

ಬೀಗದ ಕೆಲಸದವರ ಬಾಳು ವಿಚಿತ್ರ. ಕೀ ಕಳೆದುಕೊಂಡು ಬಾಗಿಲ ಹೊರಗೆ ನಿಂತವರು ಬೇಗ ಬಾರಣ್ಣ ಎಂದು ಅಂಗಲಾಚುತ್ತಾರೆ. ಇವರು ಹೋಗಿ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಾಗಿಲು ತೆಗೆದುಕೊಟ್ಟರೆ, ಅಂಗಲಾಚಿದವರೇ ಕಣ್ಣು ಸಣ್ಣಗೆ ಮಾಡಿ ನೋಡುತ್ತಾರೆ. ಇವನಿಗೆ ಇಷ್ಟು ಸಲೀಸಾದರೆ ನಾವು ನೆಮ್ಮದಿಯಾಗಿ ಮಲಗುವುದು ಹೇಗೆ ಅಂತ ಅವರ ಚಿಂತೆ. ಸುತ್ತಮುತ್ತ ಎಲ್ಲಾದರೂ ಕಳುವಾದರೆ ಪೊಲೀಸರು ಮೊದಲು ಬರುವುದು ಮೆಟ್ಟಿಲ ಕೆಳಗೇ. ಅದಕ್ಕೇ ಇವರದೊಂದು ಪದ್ಧತಿ: ಬಾಗಿಲು ತೆರೆದುಕೊಂಡ ಕೂಡಲೇ ಹಿಂದೆ ಸರಿದು ಬೀದಿಯ ಕಡೆ ಮುಖ ಮಾಡಿ ನಿಲ್ಲುವುದು. ಯಾರ ಮನೆಯೊಳಗೂ ಕಣ್ಣು ಹಾಯಿಸಿದವರಲ್ಲ. ನನ್ನ ನಾಲಿಗೆ ಸ್ವಲ್ಪ ಉದ್ದ, ಗಂಡನ ಮೇಲೆ ಬೇಕಾದಷ್ಟು ದೂರು ಹೇಳಬಲ್ಲೆ. ಆದರೆ ಸುಳ್ಳುಗಾರ ಎಂದು ಮಾತ್ರ ಆವತ್ತಿನವರೆಗೆ ಹೇಳುವ ಹಾಗಿರಲಿಲ್ಲ.

ಚಿಲಕ ನಮ್ಮ ನಾಯಿ. ಅಂಗೈಯಗಲದ ಮರಿಯಾಗಿದ್ದಾಗ ಅದನ್ನು ಯಾರೋ ಮೆಟ್ಟಿಲ ಕೆಳಗೆ ಬಿಟ್ಟುಹೋಗಿದ್ದರು. ಇವರ ಪ್ಯಾಂಟಿನ ಅಂಚು ಕಚ್ಚಿಕೊಂಡರೆ ಬಿಡಿಸಲು ಇಬ್ಬರು ಬೇಕಿತ್ತು, ಹಾಗಾಗಿ ಆ ಹೆಸರು ಬಂತು. ಮನೆಗೆ ತಂದ ದಿನ ನಾನು ರಂಪ ಮಾಡಿದೆ.

"ನಮಗೇ ಕಾಲು ಚಾಚೋಕೆ ಜಾಗ ಇಲ್ಲ, ಇದೊಂದು ಕಮ್ಮಿಯಾಗಿತ್ತಾ?"

"ಇರ್ಲಿ ಬಿಡೇ, ಒಂದು ಮೂಲೇಲಿ ಬಿದ್ದಿರುತ್ತೆ" ಎಂದರು.

ಒಂದು ಮೂಲೆಯಂತೆ! ಮನೆಯ ನಾಲ್ಕೂ ಮೂಲೆ ಅದರದೇ ಆಯಿತು. ಅಂಗಡಿಯಲ್ಲಿ ಅದರ ಜಾಗ ಮೆಷಿನ್ನಿನ ಕೆಳಗೆ. ಕೀ ಕೊರೆಯುವಾಗ ಉದುರುವ ಹಿತ್ತಾಳೆ ಪುಡಿಯ ಮೇಲೆ ಹಗಲೆಲ್ಲ ಮಲಗಿ ಮಲಗಿ ಅದರ ಬಿಳಿ ಹೊಟ್ಟೆ ಬಿಸಿಲಿಗೆ ಮಿರಮಿರ ಮಿನುಗುತ್ತಿತ್ತು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ನನ್ನ ನೆಲ, ನನ್ನ ಚಾಪೆ, ಒಗೆದಿಟ್ಟ ಬಟ್ಟೆ, ಎಲ್ಲದರ ಮೇಲೂ ಅದೇ ಪುಡಿ. ನಿನ್ನ ಕಾಲು ಮುರಿಯ, ನಿನ್ನ ಹೊಟ್ಟೆ ಸೇದಿಹೋಗ ಎಂದು ಬೈಯುತ್ತಲೇ ಅದರ ತಟ್ಟೆಗೆ ಮೊದಲು ಅನ್ನ ಹಾಕುತ್ತಿದ್ದೆ. ನನ್ನ ಬೈಗುಳ ಅದಕ್ಕೆ ಊಟದ ಗಂಟೆಯಾಗಿತ್ತು, ಬೈದ ಕೂಡಲೇ ಬಾಲ ಅಲ್ಲಾಡಿಸಿಕೊಂಡು ಬರುತ್ತಿತ್ತು.

ಬೀಗ ತೆಗೆಯಲು ಎಲ್ಲಿಗೆ ಹೋದರೂ ಚಿಲಕ ಇವರ ಹಿಂದೆಯೇ. ಇವರು ಬಾಗಿಲ ಮುಂದೆ ಕೂತು ಕೆಲಸ ಮಾಡುತ್ತಿದ್ದರೆ ಅದು ಬಾಗಿಲಿಗೆ ಬೆನ್ನು ಹಾಕಿ ಬೀದಿ ನೋಡುತ್ತಾ ಕೂರುತ್ತಿತ್ತು. ಇವರನ್ನು ನೋಡಿಯೇ ಕಲಿತಿದ್ದು. ಅದಕ್ಕೆ ವಯಸ್ಸಾಯಿತು, ಕಣ್ಣಿಗೆ ಪೊರೆ ಬಂತು. ಆಮೇಲೆ ಇವರ ಪ್ಯಾಂಟಿಗೆ ಮೂಗು ತಾಗಿಸಿಕೊಂಡು ರಸ್ತೆ ದಾಟುತ್ತಿತ್ತು, ಇವರೂ ಅದಕ್ಕೆ ಸರಿಯಾಗಿ ಮೆಲ್ಲಗೆ ನಡೆಯುತ್ತಿದ್ದರು.

ಅಷ್ಟರಲ್ಲಿ ನಮ್ಮ ಬೀದಿಯ ಎದುರಿಗೆ ಬಹುಮಹಡಿ ಕಟ್ಟಡ ಎದ್ದಿತು. ಅದರ ಕಾರ್ಯದರ್ಶಿ ವಯಸ್ಸಾದ ಮನುಷ್ಯ, ತೂಕದ ಮಾತಿನವರು. ಎಲ್ಲ ಮನೆಗಳ ಬೀಗದ ಉಸ್ತುವಾರಿಯನ್ನು ಇವರಿಗೆ ಕೊಟ್ಟರು. ಬರೀ ಕೆಲಸವಲ್ಲ, ಪ್ರತಿ ಮನೆಯ ಇನ್ನೊಂದು ಕೀಯನ್ನೂ ಗೊಂಚಲು ಮಾಡಿ ಇವರ ಕೈಗಿತ್ತರು. "ನಿಮ್ಮನ್ನ ನಂಬಿ ಕೊಡ್ತಿದೀನಿ" ಎಂದರಂತೆ. ಕೂರಲು ಕುರ್ಚಿ ಹಾಕಿಸಿದರಂತೆ. ಜೀವಮಾನವೆಲ್ಲ ಅನುಮಾನದ ಕಣ್ಣು ಕಂಡ ಮನುಷ್ಯನಿಗೆ ಆ "ನೀವು", ಆ ಕುರ್ಚಿ ಎರಡೂ ತಲೆಗೇರಿದವು. ಇಸ್ತ್ರಿ ಹಾಕಿದ ಅಂಗಿ ಬೇಕೆನ್ನತೊಡಗಿದರು. ಚಿಲಕನನ್ನು ಅಂಗಡಿಯಲ್ಲೇ ಬಿಟ್ಟು ಅಲ್ಲಿಗೆ ಹೋಗತೊಡಗಿದರು. ನಾನು ಕೇಳಿದ್ದಕ್ಕೆ, "ಅಲ್ಲಿ ನೆಲ ಕನ್ನಡಿ ಇದ್ದ ಹಾಗಿದೆ ಕಣೇ, ಇದು ಹೊಟ್ಟೆ ಪುಡಿ ಉದುರಿಸುತ್ತೆ" ಎಂದರು. ಆಗಲೇ ನನಗೆ ಅರ್ಥವಾಗಬೇಕಿತ್ತು.

ಮುಂದಿನದು ಅವರ ಬಾಯಿಂದಲೇ ನನಗೆ ಆಮೇಲೆ ಗೊತ್ತಾದದ್ದು. ಆದರೂ ನಡೆದ ಹಾಗೆಯೇ ಹೇಳುತ್ತೇನೆ.

ಒಂದು ಮಧ್ಯಾಹ್ನ ಇವರು ಆ ಕಟ್ಟಡದ ಗೇಟಿನ ಬೀಗ ಬಿಚ್ಚಿ ಕೂತಿದ್ದರು. ಚಿಲಕ ವಾಸನೆ ಹಿಡಿದುಕೊಂಡು, ಆ ಕುರುಡುಗಣ್ಣಲ್ಲಿ ರಸ್ತೆ ದಾಟಿ, ಗೇಟಿನ ಹತ್ತಿರ ಬಂದು ಮಲಗಿತ್ತು. ಇವರು ನೋಡಿಯೂ ನೋಡದ ಹಾಗಿದ್ದರು. ಕಾರ್ಯದರ್ಶಿ ಫೋನಿನಲ್ಲಿ ಮಾತಾಡುತ್ತಾ ಬಂದು ಅದರ ಬಾಲ ತುಳಿದರು. ಕಣ್ಣು ಕಾಣದ ಪ್ರಾಣಿ, ಬೆದರಿ ಕಾಲಿಗೆ ಬಾಯಿ ಹಾಕಿತು. ಕಾಲುಚೀಲ ಹರಿದು ಸ್ವಲ್ಪ ರಕ್ತ ಬಂತು.

"ಯಾರ ನಾಯಿ ಇದು?" ಎಂದು ಕೇಳಿದರು ಕಾರ್ಯದರ್ಶಿ.

ಕೇಳಿದ್ದು ಅಷ್ಟೇ. ನಮ್ಮವರು, "ಗೊತ್ತಿಲ್ಲ ಸಾರ್. ಯಾವುದೋ ಬೀದಿ ನಾಯಿ" ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಕಾರ್ಯದರ್ಶಿ ಅಲ್ಲೇ ನಾಯಿ ಹಿಡಿಯುವವರಿಗೆ ಫೋನು ಮಾಡಿ, ಗಾಯ ತೊಳೆಯಲು ಒಳಗೆ ಹೋದರು. ವ್ಯಾನು ಬಂತು. ಇಬ್ಬರು ಕುಣಿಕೆ ಹಿಡಿದುಕೊಂಡು ಅಟ್ಟಿಸಿಕೊಂಡು ಬಂದರು. ಚಿಲಕ ಕಾರುಗಳ ಸಂದಿಯಲ್ಲಿ ನುಸುಳಿ, ಗೋಡೆಗೆ ಢಿಕ್ಕಿ ಹೊಡೆದು, ಕೊನೆಗೆ ಮೂಗು ತೋರಿಸಿದ ದಾರಿಯಲ್ಲಿ ಓಡಿಬಂದು ಇವರ ಮೊಣಕಾಲುಗಳ ನಡುವೆ ತಲೆ ತೂರಿಸಿ ನಿಂತುಬಿಟ್ಟಿತು.

"ಹಾಗೇ ಹಿಡ್ಕೊಳ್ಳಿ ಅಣ್ಣ" ಎಂದ ವ್ಯಾನಿನವನು.

ಇವರು ಹಿಡಿದುಕೊಂಡರು. ಕುಣಿಕೆ ಹಾಕಿದರೆ ಕತ್ತಿಗೆ ನೋವಾದೀತೆಂದು ತಾವೇ ಎತ್ತಿ ವ್ಯಾನಿಗೆ ಹಾಕಿದರು. ಸ್ನಾನಕ್ಕೆ ಎತ್ತುತ್ತಿದ್ದ ಕೈಯಲ್ಲವೇ, ಅದು ಮೈ ಸಡಿಲ ಬಿಟ್ಟು ಸುಮ್ಮನೆ ಎತ್ತಿಸಿಕೊಂಡಿತಂತೆ. ಅದನ್ನು ಒಳಕ್ಕೆ ತಳ್ಳಿದ ವ್ಯಾನಿನವನು ತನ್ನ ಕೈಗವಸಿಗೆ ಅಂಟಿದ ಪುಡಿ ನೋಡಿ ನಕ್ಕ. "ಬೀದಿ ನಾಯಿ ಹೊಟ್ಟೆಗೆ ಚಿನ್ನ ಹೇಗಣ್ಣ ಬಂತು? ಯಾರಾದ್ರೂ ನಮ್ದು ಅಂತ ಬಂದ್ರೆ ಸರಿ. ಇಲ್ಲಾಂದ್ರೆ ಕಚ್ಚೋ ಮುದಿ ನಾಯಿ, ನಾಳೆ ಡಾಕ್ಟರ್ ಬಂದು ಸಾಯೋ ಸೂಜಿ ಹಾಕ್ಬಿಡ್ತಾರೆ." ಇವರು ಹೋಗಿ ಮತ್ತೆ ಗೇಟಿನ ಬೀಗದ ಮುಂದೆ ಕೂತರು.

ಸಂಜೆ ಮನೆಗೆ ಒಬ್ಬರೇ ಬಂದರು.

"ಚಿಲಕ ಎಲ್ರೀ?"

"ಅಂಗಡಿ ಹತ್ರ ಇತ್ತು. ನೋಡ್ತೀನಿ, ಇಲ್ಲ. ಎಲ್ಲಿ ಹೋಯ್ತೋ."

ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಇವರೂ ಬಂದರು. ಒಂದೊಂದು ಸಂದಿಗೂ ಹೋದೆವು. ನಾನು ಮುಂದೆ ಕೂಗುತ್ತಿದ್ದೆ. ಹಿಂದಿನಿಂದ ಇವರೂ ಕೂಗುತ್ತಿದ್ದರು. "ಚಿಲ್ಕಾ, ಬಾರೋ ಮಗನೇ." ನಿಂತಿದ್ದ ಲಾರಿಗಳ ಕೆಳಗೆ ಬಗ್ಗಿ ನೋಡಿದರು. ತರಕಾರಿಯವಳನ್ನು ವಿಚಾರಿಸಿದರು. ಎಲ್ಲಿದೆ ಅಂತ ಗೊತ್ತಿದ್ದೂ ಆ ಮನುಷ್ಯ ಹುಡುಕಿದರು. ಇವತ್ತು ಅದನ್ನು ನೆನೆದರೆ ನನಗೇ ನೆಲ ಬಿರಿದು ನುಂಗಬಾರದೇ ಅನ್ನಿಸುತ್ತದೆ, ಅವರಿಗೆ ಹೇಗಾಗುತ್ತದೋ.

ತರಕಾರಿಯವಳು, ನಾಯಿ ವ್ಯಾನು ಬಂದಿತ್ತಲ್ಲಕ್ಕಾ ಎಂದಳು. ಅಷ್ಟು ಸಾಕಾಯಿತು ನನಗೆ. ಬೀದಿಯ ನಡುವೆ ನಿಂತು, "ಕಣ್ಣಿಲ್ಲದ ಮೂಕಪ್ರಾಣೀನ ಹಿಡಿದುಕೊಟ್ಟವನ ಕೈ ಸೇದ್ಹೋಗ, ಆ ಕೈಗೆ ಅನ್ನ ಸಿಗದೇ ಹೋಗ" ಎಂದು ಶಾಪ ಹಾಕಿದೆ. ತಿರುಗಿ ನೋಡಿದರೆ ಇವರು ಯಾರದೋ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು. ಎರಡೂ ಕೈಯನ್ನು ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಗಾದೆ. ನಾನು ಅದನ್ನು ಕಣ್ಣಾರೆ ಕಂಡೆ.

"ನಾನೇ ಕಣೇ" ಎಂದರು. "ನಾನೇ ಎತ್ತಿ ಹಾಕ್ದೆ."

ಎಲ್ಲವನ್ನೂ ಹೇಳಿದರು. ನನ್ನ ನಾಲಿಗೆ ಅಂಥದು, ಆದರೂ ಆಗ ಒಂದು ಬೈಗುಳವೂ ಹೊರಡಲಿಲ್ಲ. ನಡೀರಿ ಎಂದೆ ಅಷ್ಟೇ.

ನಾಯಿ ಷೆಡ್ಡಿನ ಕಾವಲುಗಾರ ಗೇಟು ಹಾಕುತ್ತಿದ್ದ. ಕಚ್ಚಿಸಿಕೊಂಡವರು ದೂರು ವಾಪಸ್ಸು ತೆಗೆದುಕೊಂಡರೆ ಮಾತ್ರ ಬಿಡುವುದು, ಅದೂ ನಾಳೆ ಡಾಕ್ಟರು ಬರುವುದರೊಳಗೆ ಎಂದ. ಗೇಟಿಗೆ ಹಾಕಿದ್ದು ಕಡ್ಡಿಯಲ್ಲಿ ತೆಗೆಯುವಂಥ ಬೀಗ. ಇವರು ಅದನ್ನೇ ನೋಡುತ್ತಿದ್ದರು. ನಾನು ತೋಳು ಹಿಡಿದು ಎಳೆದುಕೊಂಡು ಕಾರ್ಯದರ್ಶಿಯವರ ಮನೆಗೆ ಕರೆದುಕೊಂಡು ಹೋದೆ.

ಅವರು ಊಟಕ್ಕೆ ಕೂತಿದ್ದರು. ಹೆಂಡತಿ, ಸೊಸೆ, ಮೊಮ್ಮಕ್ಕಳು ಎಲ್ಲ ಇದ್ದರು. "ಬನ್ನಿ, ಕೂತ್ಕೊಳ್ಳಿ" ಎಂದರು. ಇವರು ಕೂರಲಿಲ್ಲ. ಇಸ್ತ್ರಿ ಅಂಗಿಯ ತುದಿ ಹಿಂಡುತ್ತಾ ನಿಂತರು. ನಾನೇ ಹೇಳಿಬಿಡೋಣ ಅನ್ನಿಸಿತು, ಆದರೆ ಹೇಳಲಿಲ್ಲ. ಹೇಳಬೇಕಾದವರು ಅವರು.

"ಸಾರ್, ಆ ನಾಯಿ ನಂದು. ಸುಳ್ಳು ಹೇಳ್ದೆ."

ಮೊಮ್ಮಗಳು ಊಟ ನಿಲ್ಲಿಸಿ ಇವರ ಮುಖ ನೋಡಿದಳು. ಕಾರ್ಯದರ್ಶಿ ತಟ್ಟೆ ಪಕ್ಕಕ್ಕೆ ಸರಿಸಿದರು.

"ವರ್ಷಾವರ್ಷ ರೇಬಿಸ್ ಸೂಜಿ ಹಾಕಿಸಿದೀವಿ ಸಾರ್, ನಿಮಗೇನೂ ಆಗಲ್ಲ" ಎಂದೆ ನಾನು.

"ಅದಲ್ಲಮ್ಮ" ಎಂದರು. ಇವರ ಕಡೆ ತಿರುಗಿ, "ನಂದು ಅಂತ ಒಂದು ಮಾತು ಅಂದಿದ್ರೆ ಔಷಧಿ ಹಚ್ಕೊಂಡು ಸುಮ್ಮನಾಗ್ತಿದ್ದೆ. ತಪ್ಪು ನಂದೂ ಇತ್ತು, ತುಳಿದವನು ನಾನು. ನೀವು ಯಾಕೆ ಹಾಗಂದ್ರಿ?" ಎಂದರು.

ಕಾರ್ಯದರ್ಶಿ ದೂರನ್ನು ಆಗಿಂದಾಗಲೇ ಫೋನು ಮಾಡಿ ವಾಪಸ್ಸು ತೆಗೆದುಕೊಂಡರು. ದೊಡ್ಡ ಮನುಷ್ಯರು, ಸುಳ್ಳು ಯಾಕೆ ಹೇಳಲಿ. ಆಮೇಲೆ ಮೆಲ್ಲನೆಯ ದನಿಯಲ್ಲಿ, "ಕೀ ಗೊಂಚಲು ಆ ಮೇಜಿನ ಮೇಲೆ ಇಟ್ಟುಹೋಗಿ" ಎಂದರು. ಇವರು ಸೊಂಟದಿಂದ ಬಿಚ್ಚಿ ಇಟ್ಟರು, ಕೀಗಳು ಗಲಗಲ ಎಂದವು. ಕೆಳಗಿಳಿಯುವಾಗ ಇವರು ಲಿಫ್ಟು ಬೇಡವೆಂದು ಮೆಟ್ಟಿಲು ಇಳಿದರು.

ಬೆಳಿಗ್ಗೆ ಷೆಡ್ಡಿನಲ್ಲಿ ಚಿಲಕ ಮೂಲೆಗೆ ಮುಖ ಮಾಡಿ ಮಲಗಿತ್ತು. ಇವರು ಒಳಗೆ ಕಾಲಿಡಲಿಲ್ಲ. "ನೀನೇ ಕರಿಯೇ, ನನ್ನ ಹತ್ರ ಬರಲ್ಲ ಅದು" ಎಂದು ಗೇಟಿನ ಆಚೆಯೇ ನಿಂತರು. ಬಾರದಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತೋ ಏನೋ. ನಾನು ಕರೆದೆ. ಅದು ಎದ್ದಿತು, ಮೂಗು ಮೇಲೆತ್ತಿತು, ನನ್ನನ್ನು ದಾಟಿಕೊಂಡು ನೆಟ್ಟಗೆ ಗೇಟಿನ ಆಚೆ ಹೋಗಿ ಮರಿಯಾಗಿದ್ದಾಗಿನ ಹಾಗೆ ಇವರ ಪ್ಯಾಂಟಿನ ಅಂಚು ಕಚ್ಚಿಕೊಂಡಿತು. ಮದುವೆಯಾದಾಗಿನಿಂದ ನಾನು ಇವರ ಕಣ್ಣೀರು ಕಂಡಿರಲಿಲ್ಲ. ಆವತ್ತು ಕಾವಲುಗಾರನೂ ಕಂಡ.

ಈಗ ಇವರಿಗೊಂದು ಹೊಸ ಚಾಳಿ ಅಂಟಿಕೊಂಡಿದೆ. ಕೀ ಮಾಡಿಸಲು ಯಾರೇ ಬಂದರೂ, ಕೇಳದೆಯೇ, "ಇದು ನಮ್ಮ ನಾಯಿ" ಎನ್ನುತ್ತಾರೆ. ಬಂದವರು ತಬ್ಬಿಬ್ಬಾಗಿ, ಹೌದಾ, ಒಳ್ಳೇದು ಎನ್ನುತ್ತಾರೆ. ಯಾರ್ರೀ ಕೇಳಿದ್ದು ನಿಮ್ಮನ್ನ ಎಂದು ನಾನು ಬೈಯುತ್ತೇನೆ. ಎದುರಿನ ಕಟ್ಟಡದ ಕಡೆಗೆ ಬೆನ್ನು ಬರುವ ಹಾಗೆ ಮೇಜು ತಿರುಗಿಸಿಕೊಂಡಿದ್ದಾರೆ.

ಮೊನ್ನೆ ನಾನು ಊಟದ ಡಬ್ಬಿ ತೆಗೆದುಕೊಂಡು ಅಂಗಡಿಗೆ ಹೋಗಿದ್ದೆ. ಅದೇ ವ್ಯಾನು ಬೀದಿಗೆ ಬಂತು. ಯಾವ ನಾಯಿಗೆ ಬಂದಿತ್ತೋ, ಅದರ ಬಾಗಿಲು ಕಿರ್ರೆಂದು ತೆರೆದ ಸದ್ದು ಕೇಳಿಸಿತು. ಬಿಸಿಲಲ್ಲಿ ಮಲಗಿದ್ದ ಚಿಲಕ ಧಡಕ್ಕನೆ ಎದ್ದಿತು. ನಾನು ಹತ್ತಿರದಲ್ಲೇ ಇದ್ದೆ, ಕೈ ಚಾಚಿದೆ. ಅದು ನನ್ನ ಕೈ ತಪ್ಪಿಸಿಕೊಂಡು, ಮೇಜಿಗೆ ತಲೆ ಬಡಿಸಿಕೊಂಡು, ಓಡಿಹೋಗಿ ಇವರ ಮೊಣಕಾಲುಗಳ ನಡುವೆ ತಲೆ ತೂರಿಸಿ ನಡುಗುತ್ತಾ ನಿಂತಿತು.

ಇವರ ಕೈಯಲ್ಲಿದ್ದ ಕೀ ಉಜ್ಜುವ ಅರ ಕೆಳಗೆ ಬಿತ್ತು. ಕೀ ಮಾಡಿಸಲು ಬಂದಿದ್ದವರು ನೋಡುತ್ತಲೇ ಇದ್ದರು. ಇವರು ಮೆಟ್ಟಿಲ ಕೆಳಗೆ ಇನ್ನಷ್ಟು ಬಗ್ಗಿ, ಅದರ ಕಿವಿಯ ಹತ್ತಿರ ಬಾಯಿ ಇಟ್ಟು ಹೇಳಿದರು.

"ನಿಂಗೆ ಬೇರೆ ಯಾರೂ ಸಿಗಲಿಲ್ವೇನೋ?"

ಚಿಲಕ ಬಾಲ ಅಲ್ಲಾಡಿಸಿತು.